ಮಂಜಿನಲ್ಲಿ ಕರಗದ ಅಕ್ಷರ

ಬೆಳಗಿನ ಆರೂವರೆ. ಅರಬೈಲ್ ಘಟ್ಟದಲ್ಲಿ ಕಾಡು, ರಸ್ತೆ, ಆಕಾಶ ಎಲ್ಲವೂ ಒಂದೇ ಹಾಲುಬಣ್ಣ. ತಾವೇ ಬರೆದು ನಿಲ್ಲಿಸಿದ ಬೋರ್ಡಿಗೆ ಮುಖಮಾಡಿ ಚೌಡ ನಾಯ್ಕರು ಒಂದೊಂದೇ ಹೆಜ್ಜೆ ಹಿಂದಕ್ಕೆ ಇಡುತ್ತಿದ್ದಾರೆ. ಎಪ್ಪತ್ತು, ಎಂಬತ್ತು. ಕಂಬ, ತಗಡು ಕರಗಿ ಹೋಗಿವೆ. ‘ಮುಂದೆ ತಿರುವು’ ಎಂಬ ಎರಡು ಪದ ಮಾತ್ರ ಗಾಳಿಯಲ್ಲಿ ತೇಲುತ್ತಿವೆ.

“ಎಂಬತ್ತಕ್ಕೆ ಕಂಡ್ರೆ ಲಾರಿ ನಿಲ್ತದೆ. ಸಾಕು” ಎನ್ನುತ್ತಾರೆ.

ತ್ಯಾಗಲಿಯಲ್ಲಿ ಹುಟ್ಟಿ ಯಲ್ಲಾಪುರದಲ್ಲಿ ನೆಲೆಸಿರುವ ಚೌಡರಿಗೆ ಈಗ ಐವತ್ತೆರಡು. ಬೋರ್ಡ್ ಬರೆಯಲು ಹಿಡಿದು ಮೂವತ್ತು ವರ್ಷ. ಅವರ ಅಕ್ಷರ ದಪ್ಪ; ಪ್ರತಿ ಗೀಟಿನ ತುದಿ ಕಹಳೆಯ ಬಾಯಿಯಂತೆ ಅರಳಿಕೊಂಡಿರುತ್ತದೆ. ಮೊದಲು ಹೀಗಿರಲಿಲ್ಲ. ಬಳ್ಳಿಯಂಥ ತೆಳು ಅಕ್ಷರ ಬರೆದು ಹೆಸರು ಮಾಡಿದ್ದರು.

1996ರ ಮಳೆಗಾಲದ ಒಂದು ಮುಂಜಾನೆ ಇದೇ ತಿರುವಿನಲ್ಲಿ ಹಾವೇರಿ ಕಡೆಯ ಲಾರಿ ಉರುಳಿತು. ಚಾಲಕ ಜಟ್ಟಪ್ಪನ ಕಾಲು ಮುರಿಯಿತು. ಸುದ್ದಿ ಕೇಳಿ ಚೌಡರು ಆಸ್ಪತ್ರೆಗೆ ಓಡಿದರು.

“ಬೋರ್ಡ್ ಕಂಡಿತ್ರೀ. ಅಕ್ಷರ ಕಾಣ್ಲಿಲ್ಲ. ಯಾರೋ ಬಿಳೀ ಅರಿವಿ ಒಣಹಾಕ್ಯಾರ ಅನ್ಕೊಂಡೆ” ಎಂದ ಜಟ್ಟಪ್ಪ.

“ಬರ್ದದ್ದು ನಾನೇ” ಎಂದರು ಚೌಡರು.

ಜಟ್ಟಪ್ಪ ಮೊಣಕೈ ಊರಿ ಅವರತ್ತ ತಿರುಗಿದ. “ಹಂಗಾರ ಇನ್ನೊಂದು ಬರೀರಿ. ನನ್ನ ಹಿಂದ ಬರಾವ್ರಿಗೆ ಕಾಣೂ ಹಂಗ.”

ಮನೆಗೆ ಬಂದ ಚೌಡರು ಎರಡು ದಿನ ಬ್ರಷ್ ಮುಟ್ಟಲಿಲ್ಲ. ಮೂರನೆಯ ದಿನದಿಂದ ಹೆಂಡತಿ ದುರ್ಗಿಯೊಂದಿಗೆ ಬೆಳಗಿನ ಮೊದಲ ಬಸ್ಸು ಹಿಡಿದು ಘಟ್ಟಕ್ಕೆ ಬರತೊಡಗಿದರು. ಮೊದಲು ದುರ್ಗಿ ಹೊಸದಾಗಿ ಬರೆದ ತಗಡು ಹಿಡಿದರು, ಇವರು ದೂರ ನಿಂತು ಓದಿದರು. ಎಷ್ಟು ದೂರ ಹೋದರೂ ಓದಲು ಬರುತ್ತಿತ್ತು. ಏನು ಬರೆದಿದೆ ಎಂಬುದು ಗೊತ್ತಿತ್ತಲ್ಲ! ಕೊನೆಗೆ ತಗಡನ್ನು ತಾವು ಹಿಡಿದು, ಅಕ್ಷರ ಬಾರದ ದುರ್ಗಿಯನ್ನು ದೂರ ನಿಲ್ಲಿಸಿದರು.

“ನಂಗೆ ಗೆರೆ ಮಾತ್ರ ಕಾಣೂದು. ಮಂಜು ಮೊದ್ಲು ತುದಿ ತಿಂತದೆ, ಆಮೇಲೆ ನಡು. ತುದಿಗೆ ಸ್ವಲ್ಪ ಜಾಸ್ತಿ ಹಾಕಿ ಅಂದೆ” ಎಂದು ದುರ್ಗಿ ನಗುತ್ತಾರೆ.

ಹದಿನೇಳು ತಗಡು ಹಾಳಾದ ಮೇಲೆ ಈ ಅಕ್ಷರ ಹುಟ್ಟಿತು. ಅಲ್ಲಿಂದೀಚೆಗಿನ ಈ ಐದು ವರ್ಷದಲ್ಲಿ ಘಟ್ಟದುದ್ದಕ್ಕೂ ನಲವತ್ತಮೂರು ಬೋರ್ಡು ನಿಂತಿವೆ. ಮಂಚಿಕೇರಿಯ ಅಕ್ಕಿ ಗಿರಣಿ, ಸಿದ್ದಾಪುರದ ಔಷಧಿ ಅಂಗಡಿ, ಶಿರಸಿಯ ಒಂದು ಬ್ಯಾಂಡ್ ಸೆಟ್ಟಿನ ದೊಡ್ಡ ಡೋಲು, ಎಲ್ಲ ಕಡೆ ಅದೇ ಅರಳಿದ ತುದಿ. ಸಣ್ಣದಾಗಿ ಬರೆದರೆ ತುದಿಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಹಾಗಾಗಿ ಮದುವೆ ಕಾಗದಕ್ಕೆ ಕೇಳಿ ಬಂದವರನ್ನು ಹಿಂದೆ ಕಳಿಸುತ್ತಾರೆ.

ಈಗ ಪೇಟೆಯಲ್ಲಿ ಕಂಪ್ಯೂಟರ್ ಕತ್ತರಿಸಿಕೊಡುವ ಸ್ಟಿಕರ್ ಅಕ್ಷರ ಬಂದಿದೆ. ವಾರಕ್ಕೆ ನಾಲ್ಕು ಬೋರ್ಡು ಬರುತ್ತಿದ್ದ ಮನೆಗೆ ಒಂದು ಬಂದರೆ ಹೆಚ್ಚು. ಚೌಡರಿಗೆ ಬೇಸರವಿದೆ, ದೂರಿಲ್ಲ. ನಿಮಗೇನು ಆಸೆ ಎಂದು ಕೇಳಿದರೆ ಬ್ರಷ್ಷಿನ ಕೂದಲು ನೀವುತ್ತಾ ಹೇಳುತ್ತಾರೆ.

“ಅಕ್ಷರ ಚೆಂದ ಅಂತ ಯಾರೂ ನಿಂತು ನೋಡೂದು ಬೇಡ ಮಾರಾಯ್ರೆ. ಓದಿ, ನಿಧಾನ ಮಾಡಿ, ದಾಟಿ ಹೋಗ್ಲಿ. ಮನೆ ಮುಟ್ಟುವಾಗ ಮರ್ತು ಹೋದ್ರೂ ಅಡ್ಡಿಲ್ಲ.”