ನೋವಿನ ಹಾಳೆ

ಆ ಸ್ಕೇಲಿನ ಮೇಲೆ ನನಗೇನೂ ಸಿಟ್ಟಿಲ್ಲ. ಸೊನ್ನೆಯಿಂದ ಹತ್ತರವರೆಗೆ ಗೀಟು ಹಾಕಿ, ಒಂದು ತುದಿಗೆ ನಗುವ ಮುಖ, ಇನ್ನೊಂದು ತುದಿಗೆ ಅಳುವ ಮುಖ ಬರೆದ ಪ್ಲಾಸ್ಟಿಕ್ ಪಟ್ಟಿ ಅದು. ತಾನಾಗಿ ಯಾರಿಗೂ ಕೇಡು ಮಾಡಲಾರದು. ನನ್ನ ಸಿಟ್ಟೆಲ್ಲ ಅದನ್ನು ಕೈಯಲ್ಲಿ ಹಿಡಿದವರ ಮೇಲೆ. ಹಿಡಿದವರಲ್ಲಿ ನಾನೂ ಒಬ್ಬಳು.

ಪೀಣ್ಯದಲ್ಲಿ ಮೆಟ್ರೋ ಕಂಬಗಳು ಇನ್ನೂ ಎದ್ದಿರದ ಕಾಲ. ಅಲ್ಲಿನ ಒಂದು ಸಣ್ಣ ಖಾಸಗಿ ಆಸ್ಪತ್ರೆಯಲ್ಲಿ ನಾನು ನರ್ಸ್ ಆಗಿದ್ದೆ. ನಮ್ಮಲ್ಲಿಗೆ ಬರುತ್ತಿದ್ದ ಗಾಯಗಳಲ್ಲಿ ಹೆಚ್ಚಿನವು ಕೈಯವು. ಪವರ್ ಪ್ರೆಸ್ಸಿಗೆ ಸಿಕ್ಕ ಬೆರಳು, ಲೇತಿಗೆ ಸಿಕ್ಕ ಮಣಿಕಟ್ಟು, ಗ್ರೈಂಡಿಂಗ್ ಚಕ್ರ ಸವರಿಕೊಂಡು ಹೋದ ಅಂಗೈ. ನಮ್ಮಪ್ಪನ ಕಾಲದಲ್ಲಿ ನಮ್ಮೂರಿನವರು ರಾಗಿ ಬೆಳೆಯುತ್ತಿದ್ದ ಹೊಲಗಳಲ್ಲೇ ಆ ಕಾರ್ಖಾನೆ ಶೆಡ್ಡುಗಳು ಎದ್ದಿದ್ದರಿಂದ ಯಾವ ಕ್ರಾಸಿನಿಂದ ಯಾವ ಗಾಯ ಬರುತ್ತದೆ ಎಂದು ಸುತ್ತಿದ ಬಟ್ಟೆ ಬಿಚ್ಚುವ ಮೊದಲೇ ನಾನು ಹೇಳಬಲ್ಲವಳಾಗಿದ್ದೆ.

ನಮ್ಮ ಅರಿವಳಿಕೆ ಡಾಕ್ಟರು ಆಗ ಒಂದು ಸಂಶೋಧನೆ ಹಿಡಿದುಕೊಂಡಿದ್ದರು. ಇನ್ನೂ ಚಿಕ್ಕ ವಯಸ್ಸು, ಮೃದು ಮಾತು, ಆಯಾಗಳನ್ನೂ ಬಹುವಚನದಲ್ಲಿ ಕರೆಯುವ ಮನುಷ್ಯ. ಭುಜದ ಹತ್ತಿರ ಸೂಜಿ ಹಾಕಿ ಕೈಯೊಂದನ್ನೇ ಮರಗಟ್ಟಿಸುತ್ತಾರಲ್ಲ, ಆಗ ಮಾಮೂಲಿ ಔಷಧಿಗೆ ಇನ್ನೊಂದನ್ನು ಬೆರೆಸಿದರೆ ಆಪರೇಷನ್ ಆದ ಮೇಲೂ ನೋವು ಬಹಳ ಹೊತ್ತು ತಲೆಯೆತ್ತುವುದಿಲ್ಲ ಎಂಬುದು ಅವರ ವಾದ. ಅದನ್ನು ಸಾಧಿಸಲು ಪ್ರತಿ ರೋಗಿಯ ಮಂಚದ ತುದಿಗೆ ಒಂದು ಹಾಳೆ ತೂಗುಹಾಕಿದ್ದರು. ನಾಲ್ಕು ಗಂಟೆಗೊಮ್ಮೆ ನಾನು ಸ್ಕೇಲು ತೋರಿಸಿ, ನೋವು ಎಷ್ಟು ಎಂದು ಕೇಳಿ, ರೋಗಿ ಹೇಳಿದ ಸಂಖ್ಯೆಯನ್ನು ಅದರಲ್ಲಿ ಬರೆಯಬೇಕು. ನಾಲ್ಕು ದಾಟಿದರೆ ನೋವಿನ ಇಂಜೆಕ್ಷನ್ ಕೊಡಬೇಕು, ದಾಟದಿದ್ದರೆ ಮಾತ್ರೆಯೇ ಸಾಕು. ಇಂಜೆಕ್ಷನ್ ಕಡಿಮೆಯಾದಷ್ಟೂ ಡಾಕ್ಟರ ಔಷಧಿ ಗೆದ್ದಂತೆ.

ಓದಿದವರು ಮಾಡಿದ ಲೆಕ್ಕ, ಕೇಳಲು ಚೆನ್ನಾಗಿಯೇ ಇತ್ತು. ಹತ್ತಕ್ಕೆ ಹತ್ತು ಬಂದರೆ ಪಾಸಾ ಎಂದು ಲೇತ್ ಕೆಲಸದವನೊಬ್ಬ ಕೇಳಿ ವಾರ್ಡನ್ನೆಲ್ಲ ನಗಿಸಿದ್ದ. ಆದರೆ ಮಂಚದ ಪಕ್ಕ ಒಂದು ಸ್ಟೂಲಿದೆ, ಆ ಸ್ಟೂಲಿನ ಮೇಲೆ ಕಂಪನಿಯವನೊಬ್ಬ ಕೂತಿರುತ್ತಾನೆ ಎಂಬುದು ಆ ಲೆಕ್ಕದಲ್ಲಿ ಎಲ್ಲೂ ಇರಲಿಲ್ಲ.

ಕಂಪನಿಯವನು ಎಂದರೆ ಮಾಲೀಕನಲ್ಲ. ಗಾಯವಾದವರನ್ನು ಆಟೋದಲ್ಲಿ ಹಾಕಿಕೊಂಡು ಬರುವುದು, ಆಸ್ಪತ್ರೆಗೆ ಅಡ್ವಾನ್ಸ್ ಕಟ್ಟುವುದು, ಪೊಲೀಸು ಗಿಲೀಸು ಎಂದು ಮಾತು ಬೆಳೆಯದಂತೆ ನೋಡಿಕೊಳ್ಳುವುದು, ಇದಕ್ಕೆಂದೇ ಇಟ್ಟ ಮನುಷ್ಯ. ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಎರಡು ಮೊಬೈಲು. ಟೀಗೆ ಹೋಗುವ ಹೊತ್ತು ಬಿಟ್ಟರೆ, ಡಿಸ್ಚಾರ್ಜ್ ಆಗುವವರೆಗೂ ಅವನು ಸ್ಟೂಲು ಬಿಡುತ್ತಿರಲಿಲ್ಲ. ನಾನು ಸ್ಕೇಲು ಚಾಚಿದರೆ ಸಾಕು, ರೋಗಿಯ ಕಣ್ಣು ಮೊದಲು ಅವನ ಕಡೆಗೆ ಹೋಗಿ ಆಮೇಲೆ ಸ್ಕೇಲಿಗೆ ಬರುತ್ತಿತ್ತು. ಕೆಲವು ಸಲ ಅವನೇ ಉತ್ತರ ಕೊಟ್ಟುಬಿಡುತ್ತಿದ್ದ.

"ಏನಿಲ್ಲ ಸಿಸ್ಟರ್, ಎರಡು ಅಂತ ಬರ್ಕೊಳ್ಳಿ."

ನಾನು ಬರೆದುಕೊಳ್ಳುತ್ತಿದ್ದೆ. ಇದನ್ನು ಮುಚ್ಚಿಟ್ಟು ನಾನೊಬ್ಬಳೇ ಸಾಚಾ ಎನ್ನಿಸಿಕೊಳ್ಳುವ ಆಸೆ ನನಗಿಲ್ಲ.

ಒಂದು ಬೆಳಿಗ್ಗೆ ಆ ಹೆಂಗಸು ಬಂದಳು. ನಾಗಸಂದ್ರದ ಆಚೆಯ ಹಳೆಯ ಊರಿನವಳು, ಮೂವತ್ತು ಮೂವತ್ತೆರಡರ ವಯಸ್ಸು. ಪ್ರೆಸ್ಸು ಅವಳ ಬಲಗೈಯ ಎರಡು ಬೆರಳು ತೆಗೆದಿತ್ತು. ಕಂಟ್ರ್ಯಾಕ್ಟ್ ಕೆಲಸ, ಇಎಸ್‌ಐ ಕಾರ್ಡಿಲ್ಲ, ಹಾಗಾಗಿ ನಮ್ಮಲ್ಲಿಗೆ ತಂದಿದ್ದರು. ಸಂಶೋಧನೆಯ ಒಪ್ಪಿಗೆ ಪತ್ರ ಮುಂದಿಟ್ಟಾಗ ಕಂಪನಿಯವನು ಓದಿಯೂ ನೋಡದೆ ಅವಳ ಎಡಗೈ ಹೆಬ್ಬೆರಳು ಹಿಡಿದು ಒತ್ತಿಸಿಬಿಟ್ಟ. ತನಗೆ ಸೈನ್ ಮಾಡಲು ಬರುತ್ತದೆ, ಏಳನೇ ಕ್ಲಾಸು ಓದಿದ್ದೇನೆ ಎಂದು ಅವಳು ಸಣ್ಣ ದನಿಯಲ್ಲಿ ಹೇಳಿದ್ದು ನನಗೆ ಕೇಳಿಸಿತು. ಕೋಳಿಯನ್ನು ಕೇಳಿ ಮಸಾಲೆ ಅರೆಯುವುದುಂಟೆ? ಬೆರಳು ಹೋಗಿದ್ದಕ್ಕಿಂತ ಹೆಬ್ಬೆಟ್ಟು ಒತ್ತಿದ್ದೇ ಅವಳಿಗೆ ಅವಮಾನವಾದಂತೆ ಕಂಡಿತು.

ಆಪರೇಷನ್ ಆಗಿ ಮರುದಿನ ಬೆಳಗಾಗುವಷ್ಟರಲ್ಲಿ ಕೈಗೆ ಸ್ಪರ್ಶ ಮರಳಿತ್ತು. ನಾನು ಸ್ಕೇಲು ಹಿಡಿದು ಹೋದೆ. ಹಣೆಯೆಲ್ಲ ಬೆವರು, ಕೆಳತುಟಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡಿದ್ದಾಳೆ. ನೋವು ಎಷ್ಟಮ್ಮ ಎಂದರೆ ಸ್ಟೂಲಿನ ಕಡೆ ನೋಡಿ ಎರಡು ಅಂದಳು. ನನಗೆ ಮೈಯೆಲ್ಲ ಉರಿದುಹೋಯಿತು. ಫಾರ್ಮಸಿಯಿಂದ ಒಂದು ಔಷಧಿ ತುರ್ತಾಗಿ ಬೇಕು ಎಂದು ಚೀಟಿ ಬರೆದು ಕಂಪನಿಯವನನ್ನು ಕೆಳಗೆ ಅಟ್ಟಿದೆ. ಅವನು ಮೆಟ್ಟಿಲಿಳಿದ ಸದ್ದು ಕೇಳಿದ ಮೇಲೆ ಇನ್ನೊಮ್ಮೆ ಕೇಳಿದೆ. ಅವಳು ಸ್ಕೇಲು ನೋಡಲಿಲ್ಲ.

"ಎಂಟದೆ ಅಕ್ಕಾ. ಆದ್ರೆ ಪೇಪರ್ನಾಗೆ ಎರಡೇ ಬರ್ಕಳಿ. ಇಂಜೆಕ್ಸನ್ ಮಾತ್ರ ಎಂಟಕ್ಕೆ ಆಕ್ಬುಡಿ."

ಯಾಕೆ ಎಂದು ಕೇಳಿದೆ. ಆ ಹಾಳೆಯನ್ನು ಕಂಪನಿಯವನು ದಿನಾ ಓದುತ್ತಾನಂತೆ, ಆಫೀಸಿಗೆ ಫೋನು ಮಾಡಿ ಹೇಳುತ್ತಾನಂತೆ. ಸಣ್ಣ ಗಾಯ ಎಂದಾದರೆ ಪ್ರೆಸ್ ಬಿಡಿಸಿ ಪ್ಯಾಕಿಂಗ್ ಟೇಬಲ್ಲಿಗೆ ಹಾಕಿಕೊಳ್ಳುತ್ತಾರೆ, ದೊಡ್ಡ ಗಾಯ ಎಂದಾದರೆ ಈ ಕೈ ಇನ್ನು ಕೆಲಸಕ್ಕೆ ಬಾರದು ಎಂದು ಮನೆಗೆ ಕಳಿಸುತ್ತಾರೆ ಎಂದಳು. ಅವಳಿಗೆ ಗಂಡ ಇಲ್ಲ, ಇಬ್ಬರು ಹೆಣ್ಣುಮಕ್ಕಳು ಸ್ಕೂಲಿಗೆ ಹೋಗುತ್ತಿದ್ದಾರೆ. ಆ ಪ್ಯಾಕಿಂಗ್ ಟೇಬಲ್ಲು ಒಂದೇ ಅವಳಿಗೆ ಉಳಿದ ದಾರಿ.

ನಾನು ಡಾಕ್ಟರ ಹತ್ತಿರ ಹೋಗಿ ಇದ್ದದ್ದನ್ನು ಇದ್ದಂತೆ ಹೇಳಿದೆ. ಅವರಿಗೆ ನಿಜಕ್ಕೂ ಸಂಕಟವಾಯಿತು. ಇಂಜೆಕ್ಷನ್ ಕೊಡಿ, ಎಷ್ಟು ಬೇಕಾದರೂ ಕೊಡಿ ಎಂದರು. ಅದನ್ನು ವಾರ್ಡಿನ ಔಷಧಿ ರಿಜಿಸ್ಟರಿನಲ್ಲಿ ಬರೆಯಿರಿ, ಆದರೆ ಸಂಶೋಧನೆಯ ಹಾಳೆಯಲ್ಲಿ ಅವಳು ಎಲ್ಲರೆದುರು ಹೇಳಿದ್ದೇ ಇರಲಿ ಎಂದರು. ಹಾಗಾದರೆ ಇವಳ ಹಾಳೆಯನ್ನೇ ಲೆಕ್ಕದಿಂದ ಕೈಬಿಡಿ ಸಾರ್ ಎಂದೆ. ರೋಗಿಗಳ ಸಂಖ್ಯೆ ಈಗಲೇ ಕಡಿಮೆ ಬಿದ್ದಿದೆ, ಒಬ್ಬರನ್ನು ಬಿಟ್ಟರೂ ಸಂಶೋಧನೆಯ ಪೇಪರ್ ಬರೆದು ಕಳಿಸುವುದು ಇನ್ನಷ್ಟು ತಿಂಗಳು ತಡವಾಗುತ್ತದೆ ಎಂದರು. ಒಳ್ಳೆಯವರು ಮಾಡುವ ತಪ್ಪಿಗೆ ಎದುರು ಮಾತಾಡುವುದು ಎಷ್ಟು ಕಷ್ಟ ಎಂದು ನನಗೆ ಅವತ್ತು ತಿಳಿಯಿತು. ಬೈಯಲು ಬಾಯೇ ಬರುವುದಿಲ್ಲ.

ಮೂರು ದಿನ ಹಾಳೆಯಲ್ಲಿ ಎರಡು, ಎರಡು, ಎರಡು ಎಂದು ಬರೆದೆ. ಕಂಪನಿಯವನು ಟೀಗೆ ಹೋದಾಗಲೆಲ್ಲ ಇಂಜೆಕ್ಷನ್ ಕೊಟ್ಟೆ. ಅವಳು ಕಣ್ಣು ಮುಚ್ಚಿ ನಿದ್ದೆ ಹೋಗುವುದನ್ನು ನೋಡಿ ನನಗೆ ಸಮಾಧಾನವೂ ಆಗುತ್ತಿತ್ತು. ಪುಣ್ಯದ ಕೆಲಸ ಮಾಡಿದೆ ಎಂದುಕೊಂಡಿದ್ದೆ ನಾನು, ದಡ್ಡಿ. ಡಿಸ್ಚಾರ್ಜ್ ದಿನ ಕಂಪನಿಯವನು ಬಿಲ್ಲಿನ ಜೊತೆ ಆ ಹಾಳೆಯ ಜೆರಾಕ್ಸನ್ನೂ ಕೇಳಿ ತೆಗೆದುಕೊಂಡು ಹೋದ.

ಎರಡು ತಿಂಗಳಾದ ಮೇಲೆ ಅವಳು ಒಬ್ಬಳೇ ಬಂದಳು. ಬ್ಯಾಂಡೇಜಿಲ್ಲದ ಬಲಗೈಯನ್ನು ಸೆರಗಿನೊಳಗೆ ಇಟ್ಟುಕೊಂಡಿದ್ದಳು. ಕೆಲಸಕ್ಕೆ ಕರೆದಿರಲಿಲ್ಲ. ಬೆರಳಿಲ್ಲದವಳು ಪೆಟ್ಟಿಗೆ ಕಟ್ಟಲಾರಳು ಎಂದು ಹೇಳಿ ಕಳಿಸಿದ್ದರಂತೆ. ಹಾಗಾದರೆ ಪರಿಹಾರವಾದರೂ ಕೊಡಿ ಎಂದರೆ ಆ ಜೆರಾಕ್ಸ್ ತೋರಿಸಿ, ನೋವೇ ಇಲ್ಲದ ಸಣ್ಣ ಗಾಯಕ್ಕೆ ಎಂಥ ಪರಿಹಾರ ಎಂದಿದ್ದರಂತೆ. ಕೆಲಸ ಕೇಳಿದರೆ ಗಾಯ ದೊಡ್ಡದು, ಪರಿಹಾರ ಕೇಳಿದರೆ ಗಾಯ ಸಣ್ಣದು. ಒಂದೇ ಬಾಯಿ, ಎರಡು ನಾಲಿಗೆ. ಯಾರೋ ಹೇಳಿಕೊಟ್ಟಂತೆ ಅವಳು ಕಾರ್ಮಿಕ ಇಲಾಖೆಗೆ ಅರ್ಜಿ ಕೊಟ್ಟಿದ್ದಳು. ನನ್ನ ಹತ್ತಿರ ಬಂದದ್ದು ಒಂದು ಮಾತು ಕೇಳಲು.

"ಈಗ ಎಂಟು ಅಂತ ಬರ್ಕೊಡಕ್ಕಾಯ್ತದಾ ಅಕ್ಕಾ?"

ಬರೆದದ್ದನ್ನು ತಿದ್ದಲು ಆಗುವುದಿಲ್ಲ, ಆದರೆ ಔಷಧಿ ರಿಜಿಸ್ಟರಿನಲ್ಲಿ ಪ್ರತಿ ಇಂಜೆಕ್ಷನ್ನೂ ತಾರೀಖು ಸಮೇತ ಇದೆ, ಅದರ ನಕಲು ಕೊಡಿಸುತ್ತೇನೆ ಎಂದು ಧೈರ್ಯ ಹೇಳಿದೆ. ಅದೇ ವಾರ ಡಾಕ್ಟರ ಪೇಪರ್ ಯಾವುದೋ ಸಮ್ಮೇಳನದಲ್ಲಿ ಓದಲು ಆಯ್ಕೆಯಾಗಿ, ನಮಗೆಲ್ಲ ಮೈಸೂರು ಪಾಕು ಹಂಚಿದ್ದರು. ನಾನು ರಿಜಿಸ್ಟರಿನ ವಿಷಯ ಎತ್ತಿದಾಗ ಅವರ ಮುಖ ಬಿಳಿಚಿತು. ಹಾಳೆ ಒಂದು ಹೇಳಿ ರಿಜಿಸ್ಟರು ಇನ್ನೊಂದು ಹೇಳಿದರೆ ಪೇಪರೂ ಹೋಗುತ್ತದೆ, ನನ್ನ ಮರ್ಯಾದೆಯೂ ಹೋಗುತ್ತದೆ ಎಂದರು. ರಿಜಿಸ್ಟರು ಮೇಲಿನ ಆಫೀಸಿನ ಬೀರುವಿಗೆ ಹೋಯಿತು. ಆಡಳಿತದವರು ನನ್ನನ್ನು ಕರೆದು, ಆಸ್ಪತ್ರೆಯ ಕಾಗದ ಹೊರಗೆ ಹೋದರೆ ನೀನೂ ಹೊರಗೆ ಎಂದು ಹೇಳಿದರು. ಒಬ್ಬನಿಗೆ ಕಾರ್ಖಾನೆ ಮುಖ್ಯ, ಇನ್ನೊಬ್ಬರಿಗೆ ಪೇಪರ್ ಮುಖ್ಯ, ಮತ್ತೊಬ್ಬರಿಗೆ ಬೀರು ಮುಖ್ಯ. ಹೋದದ್ದು ಅವಳ ಬೆರಳು ತಾನೆ.

ಕಾರ್ಮಿಕ ಇಲಾಖೆಯಲ್ಲಿ ಅವಳ ಅರ್ಜಿಯ ವಿಚಾರಣೆ ಇದ್ದ ದಿನ ರಜೆ ಹಾಕಿ ಬರಿಗೈಯಲ್ಲಿ ಹೋದೆ. ಚಿಕ್ಕ ಕೋಣೆ, ಮೇಜಿನ ಆಚೆ ಅಧಿಕಾರಿ, ಈಚೆ ಅವಳು. ಅವಳ ಪಕ್ಕದ ಕುರ್ಚಿಯಲ್ಲಿ ಕಂಪನಿಯವನು. ಅಧಿಕಾರಿ ಜೆರಾಕ್ಸ್ ಹಾಳೆಯನ್ನು ನನ್ನ ಮುಂದೆ ಸರಿಸಿ ಇದು ನಿಮ್ಮ ಬರಹವೇ ಎಂದು ಕೇಳಿದರು. ಹೌದು ಎಂದೆ. ಆದರೆ ಅದು ನಿಜವಲ್ಲ, ನಾನೇ ನನ್ನ ಕೈಯಾರೆ ಇಂಜೆಕ್ಷನ್ ಕೊಟ್ಟಿದ್ದೇನೆ ಎಂದು ನಡೆದದ್ದನ್ನೆಲ್ಲ ಹೇಳಿದೆ. ಅವರು ತಾಳ್ಮೆಯಿಂದ ಕೇಳಿ, ಅದಕ್ಕೆ ದಾಖಲೆ ಏನಿದೆ ಎಂದರು. ದಾಖಲೆ ಬೀರುವಿನಲ್ಲಿದೆ ಎಂದೆ. ಅವರು ಬರೆದುಕೊಳ್ಳಲಿಲ್ಲ.

ಆಗ ಕಂಪನಿಯವನು ಬಹಳ ಮರ್ಯಾದೆಯಿಂದ, ನಮಗೂ ಕನಿಕರ ಇದೆ ಸಾರ್, ಕೈ ಪೂರ್ತಿ ವಾಸಿಯಾಗಿದ್ದರೆ ಪ್ಯಾಕಿಂಗಿಗೆ ಹಾಕಿಕೊಳ್ಳುವುದನ್ನು ಈಗಲೂ ಯೋಚನೆ ಮಾಡಬಹುದು ಎಂದ. ಗಾಯದ ಮೇಲೆ ಬರೆ ಎಳೆಯುವುದನ್ನು ಅಷ್ಟು ನಯವಾಗಿ ಮಾಡುವವರನ್ನು ನಾನು ಆಮೇಲೆ ಕಂಡಿಲ್ಲ. ಅವಳ ಬೆನ್ನು ನೆಟ್ಟಗಾದದ್ದನ್ನು ನೋಡಿದೆ. ಏನೂ ಹೇಳಬೇಡ ಎಂದು ಕೂಗಬೇಕೆನಿಸಿತು, ಕೂಗಲಿಲ್ಲ.

ಅಧಿಕಾರಿ ಪೆನ್ನು ಕೈಗೆ ತೆಗೆದುಕೊಂಡು ಅವಳನ್ನೇ ಕೇಳಿದರು.

"ಈಗ ನೋವು ಇದೆಯೇನಮ್ಮ?"

ಅವಳು ಬಲಗೈಯನ್ನು ಸೆರಗಿನೊಳಗೆ ಇನ್ನಷ್ಟು ಎಳೆದುಕೊಂಡಳು. ಅವಳು ಪಕ್ಕದ ಕುರ್ಚಿಯ ಕಡೆ ನೋಡಿದಳು, ಆಮೇಲೆ ಅಧಿಕಾರಿಯ ಕಡೆ ನೋಡಿದಳು.

"ಪರವಾಗಿಲ್ಲ ಸಾರ್. ಕೆಲ್ಸ ಮಾಡ್ತೀನಿ."

ಅಧಿಕಾರಿ ಅದನ್ನು ಬರೆದುಕೊಂಡರು.