ಸುಂಕ ಏರಿದ ದಿನ ಒಡೆದ ಕಾಯಿ

ಚಳ್ಳಕೆರೆಯ ಎಣ್ಣೆ ಮಿಲ್ಲಿನಲ್ಲಿ ನನ್ನದು ಕಿವಿಯ ಕೆಲಸ. ಲೋಡಿನಿಂದ ಒಂದು ಹಿಡಿ ಶೇಂಗಾ ತೆಗೆದು ಕಿವಿಯ ಹತ್ತಿರ ಅಲ್ಲಾಡಿಸಿ, ಒಣಗಿದೆಯೋ ಇನ್ನೂ ಹಸಿಯೋ ಹೇಳಬೇಕು. ಶೇಂಗಾ ಹಿಂಡುವ ಎಕ್ಸ್‌ಪೆಲ್ಲರ್ ನಿಂತರೆ ಈ ಕಿವಿಯನ್ನು ಕೇಳುವವರಿಲ್ಲ.

ಹಳೆಯ ಸಾಹುಕಾರರ ಕಾಲದಿಂದ ಒಂದು ಪದ್ಧತಿಯಿತ್ತು. ಹೊರದೇಶದ ತಾಳೆ ಎಣ್ಣೆಗೆ ಸರ್ಕಾರ ಸುಂಕ ಏರಿಸಿದ ದಿನ ಎಕ್ಸ್‌ಪೆಲ್ಲರ್ ಮುಂದೆ ಕಾಯಿ ಒಡೆದು ಬೆಲ್ಲ ಹಂಚುವುದು. ತಾಳೆ ಎಣ್ಣೆ ತುಟ್ಟಿಯಾದರೆ ಜನ ಶೇಂಗಾ ಎಣ್ಣೆಗೆ ತಿರುಗುತ್ತಾರಲ್ಲ! ಆಮೇಲೆ ಸಾಹುಕಾರರು ಮಿಲ್ಲನ್ನು ವಿದೇಶಿ ಕಂಪನಿಗೆ ಮಾರಿದರು. ಆ ಕಂಪನಿಗೆ ತನ್ನದೇ ತಾಳೆ ತೋಟಗಳಿದ್ದವು. ಅಲ್ಲಿನ ಎಣ್ಣೆ ಟ್ಯಾಂಕರಿನಲ್ಲಿ ಬಂದು ಇಲ್ಲಿ ಪ್ಯಾಕೆಟ್ಟಾಗತೊಡಗಿತು. ಎಕ್ಸ್‌ಪೆಲ್ಲರ್ ವಾರಕ್ಕೆರಡು ದಿನ ಓಡಿದರೆ ಪುಣ್ಯ.

ಅಂಥದ್ದರಲ್ಲಿ ಒಂದು ಬೆಳಿಗ್ಗೆ ಸುಂಕ ಏರಿದ ಸುದ್ದಿ ಮೊಬೈಲಿಗೆ ಬಂತು. ನಾನು ಹಿಂದೆ ಮುಂದೆ ನೋಡದೆ ಕಾಯಿ, ಬೆಲ್ಲ ತಂದೆ. ಎಕ್ಸ್‌ಪೆಲ್ಲರ್ ನೋಡಿಕೊಳ್ಳುವ ಮೊಳಕಾಲ್ಮುರು ಕಡೆಯ ಹಿರಿಯರು, ನಾವೆಲ್ಲ ಮಾವ ಎನ್ನುವವರು, ನನ್ನ ಕೈ ಹಿಡಿದರು.

"ತಡಿಯಲೇ, ಈಗ ಮಾಲೀಕ್ರು ಯಾರಂತ ನೆನಪೈತಾ?"

ನಾನು ಒಡೆದೇ ಬಿಟ್ಟೆ.

ಕಂಪನಿಯ ಮ್ಯಾನೇಜರ್ ಮೇಲಿನ ಗಾಜಿನ ಆಫೀಸಿನಿಂದ ಮೆಟ್ಟಿಲಿಳಿದು ಬಂದರು. ಕಂಪನಿಯ ಎಣ್ಣೆ ಇನ್ನೂ ಹಡಗಿನಲ್ಲಿದೆ, ಅದಕ್ಕೆಲ್ಲ ಹೊಸ ಸುಂಕ ಬೀಳುತ್ತದೆ, ನೀವಿಲ್ಲಿ ಪೂಜೆ ಮಾಡುತ್ತಿದ್ದೀರಾ ಎಂದು ಮೆಲ್ಲಗೆ ಕೇಳಿದರು. ಕೂಗಾಡಿದ್ದರೆ ಇಷ್ಟು ಹೆದರುತ್ತಿರಲಿಲ್ಲ. ವಾಪಸ್ಸು ಹತ್ತಿಹೋಗಿ ಫೋನು ಹಚ್ಚಿದರು. ಗಾಜಿನ ಹಿಂದೆ ಅವರ ತುಟಿ ಮಾತ್ರ ಕಾಣುತ್ತಿತ್ತು. ಗೇಟಿನ ಹೊರಗೆ ನನ್ನಿವಾಳದಿಂದ ಬಂದ ಶೇಂಗಾ ಲೋಡು ಕಾಯುತ್ತಿತ್ತು. ಡ್ರೈವರ್ ಎರಡು ಸಲ ಹಾರನ್ ಹೊಡೆದ. ನನ್ನ ಕೆಲಸ ಹೋಯಿತೆಂದೇ ನಿಂತಿದ್ದೆ. ಮಾವ ನನ್ನ ಮುಖ ನೋಡಲಿಲ್ಲ, ಬೆಲ್ಲವನ್ನೂ ಮುಟ್ಟಲಿಲ್ಲ.

ಮ್ಯಾನೇಜರ್ ಕೆಳಗೆ ಬಂದು, ನಾಳೆಯಿಂದ ಎಕ್ಸ್‌ಪೆಲ್ಲರ್ ದಿನವೂ ಓಡಲಿ, ಲೋಡು ಒಳಗೆ ತಗೊಳ್ಳಿ ಎಂದರು. ಗೆದ್ದೆನೆಂದು ಬೀಗಿದೆ. ಸುಂಕ ಏರಿದರೆ ಶೇಂಗಾ, ಇಳಿದರೆ ತಾಳೆ, ಕಂಪನಿಗೆ ಎರಡೂ ಕೈಯಲ್ಲಿ ಲಾಡು ಎಂಬುದು ನನ್ನ ಮಂಡೆಗೆ ಆಗ ಹೊಳೆಯಲಿಲ್ಲ.

ಕೆಲವು ತಿಂಗಳಿಗೆ ಸುಂಕ ಮತ್ತೆ ಇಳಿಯಿತು. ಮರುದಿನ ನಾನು ಹೋಗುವ ಹೊತ್ತಿಗೆ ಎಕ್ಸ್‌ಪೆಲ್ಲರ್ ಸದ್ದಿಲ್ಲದೆ ನಿಂತಿತ್ತು. ತಾಳೆ ಎಣ್ಣೆಯ ಟ್ಯಾಂಕರಿನ ಚಕ್ರದ ಮುಂದೆ ಮ್ಯಾನೇಜರ್ ತಾವೇ ಕಾಯಿ ಒಡೆದು, ಒಂದು ಹೋಳನ್ನು ನನ್ನ ಕೈಗಿಟ್ಟರು.

"ತಗೊಳ್ಳಿ. ಈ ಪದ್ಧತಿ ನೀವೇ ಕಲಿಸಿದ್ದು."

ಅವರ ದನಿಯಲ್ಲಿ ಕುಹಕವಿರಲಿಲ್ಲ. ಇದ್ದಿದ್ದರೆ ಬೈದಾದರೂ ಹೊರಡುತ್ತಿದ್ದೆ. ಪ್ರಸಾದ ಬೇಡವೆನ್ನುವಂತಿಲ್ಲ. ಕಣ್ಣಿಗೊತ್ತಿಕೊಂಡು ತಿಂದೆ.