ವ್ರತದಲ್ಲಿ ನುಂಗಿದ ಗುಳಿಗೆ

ಆ ವರ್ಷ ನಮ್ಮ ಜೈನರ ಪರ್ಯೂಷಣ ಪರ್ವದ ಹತ್ತು ದಿನವೂ ಅವ್ವ ಮತ್ತು ನಾನು ಏಕಾಶನ ಹಿಡಿದಿದ್ದೆವು. ದಿನಕ್ಕೆ ಒಂದೇ ಸಲ ಕುಳಿತು ಉಣ್ಣುವುದು. ಎದ್ದ ಮೇಲೆ ಮರುದಿನದವರೆಗೆ ಹನಿ ನೀರೂ ಇಲ್ಲ. ಬೆಳಿಗ್ಗೆ ಉಂಡು, ಖಾನಾಪುರದಿಂದ ಬೆಳಗಾವಿಯ ಆಫೀಸಿಗೆ ಬಸ್ಸಿನಲ್ಲಿ ಹೋಗಿಬರುವ ನನ್ನಂಥವಳಿಗೆ ಇದು ಆಗುವ ಮಾತಲ್ಲ ಎಂದು ಎಲ್ಲರೂ ಅಂದುಕೊಂಡಿದ್ದರು.

ನನ್ನ ಬಳಿ ಗುಳಿಗೆಗಳಿದ್ದವು. ಪರೀಕ್ಷೆಗೆ ಓದುತ್ತಿದ್ದ ಆಫೀಸಿನ ಗೆಳತಿ ನಿದ್ದೆ ತಡೆಯಲು ನುಂಗುತ್ತಿದ್ದಂಥವು. "ಹಸಿವೂ ಆಗಂಗಿಲ್ಲ ನೋಡ," ಎಂದು ಒಂದು ಪಟ್ಟಿ ಕೊಟ್ಟಿದ್ದಳು. ಊಟದ ಕೊನೆಯ ಗುಟುಕಿನೊಂದಿಗೆ ಅವ್ವ ಬಿಪಿ ಗುಳಿಗೆ ನುಂಗುತ್ತಿದ್ದಳು. ಔಷಧಿಯಿಂದ ಅವಳ ವ್ರತ ಮುರಿಯದಿದ್ದರೆ ನನ್ನದೇಕೆ ಮುರಿಯಬೇಕು? ಹೀಗೆ ನಾನೇ ಪಂಡಿತಳಾಗಿ ತೀರ್ಪು ಕೊಟ್ಟುಕೊಂಡು ದಿನಕ್ಕೊಂದು ನುಂಗತೊಡಗಿದೆ.

"ಅಕಿ ಮಾರಿ ಮ್ಯಾಲಿನ ಕಳಾ ನೋಡ್ರಿ," ಎಂದರು ಆರನೆಯ ದಿನ ಬಸದಿಯ ಹೆಂಗಸರು. ನಾನು ಉಬ್ಬಿಹೋದೆ. ನಿದ್ದೆ ಕೆಟ್ಟು ಆರು ದಿನವಾಗಿದ್ದು, ಚಿಲ್ಲರೆ ವಿಷಯಕ್ಕೆ ಕಂಡಕ್ಟರನ ಮೇಲೆ ಹರಿಹಾಯ್ದದ್ದು ಯಾರಿಗೂ ಗೊತ್ತಿರಲಿಲ್ಲ. ಎದೆ ಸುಮ್ಮಸುಮ್ಮನೆ ಹೊಡೆದುಕೊಳ್ಳುವುದನ್ನು ನಾನೇ ಗಮನಕ್ಕೆ ತಂದುಕೊಳ್ಳಲಿಲ್ಲ.

ಎಂಟನೆಯ ದಿನ ಭಾನುವಾರ. ಉಣ್ಣಲು ಕುಳಿತಾಗಲೇ ಅವ್ವ ಬಾಡಿದ್ದಳು.

"ನಿನಗ ಹೆಂಗ ಸುಸ್ತ ಆಗಂಗಿಲ್ಲ?"

"ಶಕ್ತಿ ಗುಳಿಗಿ ಅದಾವ. ಅರ್ಧಾ ತಗೋ."

ಏನು ಎತ್ತ ಎಂದು ಕೇಳದೆ ಬಾಯಿಗೆ ಹಾಕಿಕೊಂಡಳು. ನನ್ನ ಮೇಲೆ ಅಷ್ಟು ನಂಬಿಕೆ.

ಒಂದು ತಾಸಿನಲ್ಲಿ ಎದೆ ಹಿಡಿದುಕೊಂಡು ನೆಲಕ್ಕೆ ಕುಳಿತಳು. ರಜೆಯೆಂದು ಮನೆಯಲ್ಲಿದ್ದ ಅಣ್ಣ ಎತ್ತಿ ಕಾರಿನಲ್ಲಿ ಮಲಗಿಸಿದ. "ಉಪಾಸದ ಸುಸ್ತ. ಗ್ಲೂಕೋಸ್ ಏರಿಸಿದ್ರ ಆತು," ಎಂದು ಬೆಳಗಾವಿಯತ್ತ ಓಡಿಸಿದ. ಅವಳ ತಲೆ ನನ್ನ ತೊಡೆಯ ಮೇಲಿತ್ತು. ಕುತ್ತಿಗೆಯ ನರ ಎಣಿಸಲಾಗದಷ್ಟು ಬೇಗ ಮಿಡಿಯುತ್ತಿತ್ತು. ಹೇಳಬೇಕು, ಈಗಲೇ ಹೇಳಬೇಕು ಅಂದುಕೊಂಡೆ. ಹೇಳಿದರೆ ಬಸದಿಯಲ್ಲಿ ತಲೆ ಎತ್ತುವುದು ಹೇಗೆ? ಅವ್ವ ಸಾಯುತ್ತಿರಬಹುದು, ನಾನು ನನ್ನ ಮರ್ಯಾದೆ ಲೆಕ್ಕ ಹಾಕುತ್ತಿದ್ದೆ. ಇವತ್ತಿಗೂ ನನಗೆ ನನ್ನ ಮೇಲೆ ಹೇಸಿಗೆಯಾಗುವುದು ಆ ದಾರಿಯನ್ನು ನೆನೆದಾಗ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಇಸಿಜಿ ಕಾಗದ ಹಿಡಿದು ಕೇಳಿದರು, "ಗುಳಿಗಿ ಏನರ ತಗೊಂಡಾರೇನ್ರಿ?"

"ಬಿಪಿದು ಅಷ್ಟ ರೀ. ವ್ರತದಾಗ ಅದಾರ," ಎಂದ ಅಣ್ಣ.

ಅವರು ಬರೆದುಕೊಳ್ಳತೊಡಗಿದರು. ಪೆನ್ನು ಸಾಲಿನ ಕೊನೆ ಮುಟ್ಟುವಷ್ಟರಲ್ಲಿ ಪರ್ಸಿನಿಂದ ಗುಳಿಗೆಯ ಪಟ್ಟಿ ತೆಗೆದು ಅವರ ಮುಂದಿಟ್ಟೆ. "ಇದರಾಗ ಅರ್ಧಾ ಕೊಟ್ಟೇನ್ರಿ. ನಾನ."

ಅಣ್ಣ ನನ್ನತ್ತ ನೋಡಿ ಹೊರಗೆ ಹೋದ. ಡಾಕ್ಟರಮ್ಮ ಬರೆದದ್ದನ್ನು ಹೊಡೆದುಹಾಕಿ ನರ್ಸಿಗೆ ಬೇರೆ ಇಂಜೆಕ್ಷನ್ ಹೇಳಿದರು.

ಸಂಜೆಯ ಹೊತ್ತಿಗೆ ಅವ್ವನ ಎದೆಬಡಿತ ಹದಕ್ಕೆ ಬಂತು. ಗುಳಿಗೆಯ ಸಂಗತಿ ಅವಳಿಗೂ ತಿಳಿದಿತ್ತು. ಬೈಗುಳ ತಿನ್ನಲು ಸಿದ್ಧಳಾಗಿ ಮಂಚದ ಬಳಿ ನಿಂತೆ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

"ನಿನಗೂ ಹಿಂಗ ಬಡಕೋತಿತ್ತೇನು, ಎಂಟೂ ದಿನ?"

ಅವ್ವ ಸೂಜಿ ಚುಚ್ಚಿದ್ದ ಕೈಯಿಂದಲೇ ನನ್ನ ಮಣಿಕಟ್ಟು ಹಿಡಿದು, ನೋಡಲು ಬಂದಿದ್ದ ಡಾಕ್ಟರಮ್ಮನತ್ತ ಚಾಚಿದಳು.

"ಇಕಿದೂ ನೋಡ್ರಿ."

ಅವರು ಗಡಿಯಾರ ನೋಡುತ್ತಾ ನನ್ನ ನಾಡಿ ಹಿಡಿದರು. ಆಮೇಲೆ ನರ್ಸಿಗೆ, "ಬಾಜು ಮಂಚಾ ಖಾಲಿ ಅದ ಏನು?" ಎಂದು ಕೇಳಿದರು.